ಸಂಧಿವಾತದವರಿಗೆ ದಿಢೀರ್ ಏದುಸಿರು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಮ್ಮನಿಗೆ ರುಮಟಾಯ್ಡ್ ಆರ್ತ್ರೈಟಿಸ್ ಅನ್ನುವ ಸಂಧಿವಾತ ಬಂದು ಹದಿನಾಲ್ಕು ವರ್ಷವಾಯಿತು. ಅದು ಶ್ವಾಸಕೋಶಕ್ಕೂ ಇಳಿದಿದೆ ಅಂತ ಗೊತ್ತಾಗಿ ಐದು ವರ್ಷ. ಆಮೇಲೆ ಒಂದು ಮಳೆಗಾಲದಲ್ಲಿ, ಹತ್ತೇ ದಿನದಲ್ಲಿ, ಪರಿಸ್ಥಿತಿ ಕೈಮೀರುವ ಹಾಗಾಯಿತು. ಅಲ್ಲಿಂದ ಇಲ್ಲಿಯವರೆಗೆ ನೆಂಟರು, ಊರಿನವರು, ಅವರಿಂದ ನಂಬರ್ ಪಡೆದವರು ಫೋನ್ ಮಾಡಿ ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರಲ್ಲ. ಯಾವ ಮಾತ್ರೆ ಶುರು ಮಾಡಬೇಕು, ಯಾವುದು ನಿಲ್ಲಿಸಬೇಕು ಅನ್ನುವುದು ಅವರ ಕೆಲಸ. ಅವರ ಹತ್ತಿರ ಯಾವಾಗ ಓಡಬೇಕು, ಹೋದಮೇಲೆ ಏನು ಹೇಳಬೇಕು ಅನ್ನುವುದು ಮಾತ್ರ ಮನೆಯವರ ಕೆಲಸ. ಅದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಗಂಟು ನೋವಿಗೂ ಉಸಿರಿಗೂ ಎತ್ತಣಿಂದೆತ್ತಣ ಸಂಬಂಧ?

ರುಮಟಾಯ್ಡ್ ಅನ್ನುವುದು ಬರೀ ಗಂಟಿನ ಕಾಯಿಲೆ ಅಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮ ಮೈಯನ್ನೇ ಹೊರಗಿನದು ಅಂದುಕೊಂಡು ಹೊಡೆಯುವ ಕಾಯಿಲೆ. ಗಂಟಿನಲ್ಲಿ ಊತ ಕಾಣುತ್ತದೆ, ಹಾಗಾಗಿ ಗೊತ್ತಾಗುತ್ತದೆ. ಶ್ವಾಸಕೋಶದಲ್ಲಿ ಕಾಣುವುದಿಲ್ಲ.

ಶ್ವಾಸಕೋಶದ ಒಳಗೆ 30ರಿಂದ 50 ಕೋಟಿಯಷ್ಟು ಸಣ್ಣ ಗಾಳಿಚೀಲಗಳಿವೆ. ಅವುಗಳ ಗೋಡೆ ಈರುಳ್ಳಿಯ ಒಳಪೊರೆಗಿಂತಲೂ ತೆಳು. ಆ ಗೋಡೆ ದಾಟಿಯೇ ಆಮ್ಲಜನಕ ರಕ್ತಕ್ಕೆ ಹೋಗಬೇಕು. ಆ ಗೋಡೆಯಲ್ಲಿ ಉರಿಯೂತ ಬಂದು, ಮಾಗಿ, ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತಾ ಹೋಗುವುದಕ್ಕೆ ಇಂಟರ್‌ಸ್ಟಿಶಿಯಲ್ ಲಂಗ್ ಡಿಸೀಸ್ ಅಂತ ಹೆಸರು. ಆಸ್ಪತ್ರೆಯಲ್ಲಿ ಎಲ್ಲರೂ ಐಎಲ್‌ಡಿ ಅನ್ನುತ್ತಾರೆ. ಇದು ಅಸ್ತಮಾ ಅಲ್ಲ. ಟಿಬಿ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಯಾರಿಗೆಲ್ಲ ಬರಬಹುದು?

ರುಮಟಾಯ್ಡ್ ಇರುವ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ತೊಂದರೆ ಕೊಡುವಷ್ಟು ಐಎಲ್‌ಡಿ ಬರುತ್ತದೆ. ಗಂಡಸರು, ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಅಥವಾ ಆ್ಯಂಟಿ ಸಿಸಿಪಿ ಅನ್ನುವ, ನಮ್ಮ ಮೈಯನ್ನೇ ಹೊಡೆಯುವ ಆ್ಯಂಟಿಬಾಡಿಗಳು ತುಂಬಾ ಜಾಸ್ತಿ ಇರುವವರು ಹೆಚ್ಚು ಹುಷಾರಾಗಿರಬೇಕು. ಚರ್ಮ ಬಿಗಿಯಾಗುವ ಸ್ಕ್ಲೀರೋಡರ್ಮಾ ಇದ್ದವರಲ್ಲಿ ಇದು ಇನ್ನೂ ಸಾಮಾನ್ಯ. ಸ್ನಾಯುಗಳಿಗೆ ಬರುವ ಮಯೋಸೈಟಿಸ್, ಬಾಯಿ ಕಣ್ಣು ಒಣಗುವ ಶೋಗ್ರನ್ಸ್, ಲೂಪಸ್, ಇವುಗಳಲ್ಲೂ ಉಂಟು.

ಒಂದನ್ನು ಬೇರೆಯಾಗಿಯೇ ಹೇಳಬೇಕು. ಚರ್ಮಕ್ಕೂ ಸ್ನಾಯುಗಳಿಗೂ ಬರುವ ಡರ್ಮಟೋಮಯೋಸೈಟಿಸ್‌ನಲ್ಲಿ ಎಂಡಿಎ-5 ಅನ್ನುವ ಆ್ಯಂಟಿಬಾಡಿ ಇರುವ ಒಂದು ಬಗೆ ಇದೆ. ಅದರಲ್ಲಿ ಸ್ನಾಯು ನೋವು ಇಲ್ಲದೆಯೂ ಇರಬಹುದು. ಕಣ್ಣ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಬೆರಳ ಗೆಣ್ಣಿನ ಮೇಲೆ ಕೆಂಪು ಗುಳ್ಳೆ ಏಳುತ್ತದೆ, ಅಂಗೈ ಒಡೆಯುತ್ತದೆ. ತೋಟದ ಕೆಲಸದವರ ಕೈ ಒಡೆಯುವುದು ನಮ್ಮಲ್ಲಿ ಯಾರಿಗೆ ಹೊಸದು, ಅಲ್ವಾ? ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇದರಲ್ಲಿ ಶ್ವಾಸಕೋಶ ಕೆಲವೇ ವಾರಗಳಲ್ಲಿ ಕೈಕೊಡಬಹುದು. ಇಂಥ ಚರ್ಮದ ಜೊತೆ ಏದುಸಿರು ಕಂಡರೆ ಅದೇ ದಿನ ಹೊರಡಿ.

ಇಷ್ಟು ವರ್ಷ ಸುಮ್ಮನಿದ್ದ ಐಎಲ್‌ಡಿ ದಿಢೀರ್ ಅಂತ ಯಾಕೆ ಏರುತ್ತದೆ?

ಮಾಮೂಲಿಯಾಗಿ ಐಎಲ್‌ಡಿ ನಿಧಾನದ ಕಾಯಿಲೆ. ಹೋದ ವರ್ಷ ತೋಟದಿಂದ ದರೆ ಹತ್ತಿ ಒಂದೇ ದಮ್ಮಿಗೆ ಮನೆಗೆ ಬರುತ್ತಿದ್ದವರು ಈ ವರ್ಷ ಒಂದು ಕಡೆ ನಿಂತು ಬರುತ್ತಾರೆ. ದಿಢೀರ್ ಉಲ್ಬಣ ಹಾಗಲ್ಲ. ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಒಂದು ತಿಂಗಳ ಒಳಗೆ, ಉಸಿರಾಟ ಸ್ಪಷ್ಟವಾಗಿ ಕೆಡುತ್ತದೆ. ಸಿಟಿ ಸ್ಕ್ಯಾನ್ ಮಾಡಿದರೆ ಹಳೆಯ ಕಲೆಗಳ ಮೇಲೆ ಎರಡೂ ಕಡೆ ಹೊಸದಾಗಿ ಮಂಜು ಕವಿದ ಹಾಗೆ ಕಾಣುತ್ತದೆ. ಹೃದಯ ಸೋತು ನೀರು ತುಂಬಿದ್ದು ಅಲ್ಲ ಅಂತ ಖಾತ್ರಿ ಮಾಡಿಕೊಂಡಮೇಲೆ ಡಾಕ್ಟರು ಅಕ್ಯೂಟ್ ಎಕ್ಸಾಸರ್ಬೇಷನ್ ಅನ್ನುತ್ತಾರೆ. ಐಪಿಎಫ್ ಅನ್ನುವ, ಕಾರಣ ಗೊತ್ತಿಲ್ಲದ ಶ್ವಾಸಕೋಶದ ಕಾಯಿಲೆಗಾಗಿ 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಮಾಡಿದ ವ್ಯಾಖ್ಯೆ ಇದು. ಸಂಧಿವಾತದವರಿಗೂ ಹೆಚ್ಚುಕಡಿಮೆ ಇದನ್ನೇ ಅನ್ವಯಿಸುತ್ತಾರೆ.

ಕಿಡಿ ಎಲ್ಲಿಂದ ಬೇಕಾದರೂ ಬೀಳಬಹುದು. ಶೀತ, ಫ್ಲೂ, ಕೋವಿಡ್, ನ್ಯುಮೋನಿಯಾ. ಊಟ ಮಾಡಿದ್ದು ಹೊಟ್ಟೆಯಿಂದ ಮೇಲೆ ಬಂದು ಉಸಿರಿನ ದಾರಿಗೆ ಇಳಿಯುವುದು. ಸ್ಕ್ಲೀರೋಡರ್ಮಾದವರಿಗೆ ಅನ್ನನಾಳವೇ ಬಿಗಿದಿರುವುದರಿಂದ ಇದು ಜಾಸ್ತಿ. ಆಪರೇಷನ್, ಅರಿವಳಿಕೆ. ಕೆಲವು ಔಷಧಗಳು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ನಮ್ಮ ಅಮ್ಮನದ್ದು ಹಾಗೆಯೇ, ಕೊನೆಗೂ ಸಿಗಲಿಲ್ಲ.

ಮನೆಯಲ್ಲಿ ಹೇಗೆ ಗೊತ್ತಾಗುತ್ತದೆ?

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಾವು ತಪ್ಪಿದ್ದು ಇಲ್ಲೇ.

ಪುನರ್ವಸು ಮಳೆ ಹಿಡಿದಿತ್ತು. ಮೂರು ದಿನದಿಂದ ಕರೆಂಟಿಲ್ಲ. ಅಮ್ಮನಿಗೆ ಒಣ ಕೆಮ್ಮು, ಜ್ವರ ಅಂತ ಹೇಳುವಷ್ಟು ಏನಿಲ್ಲ. ಮಳೆಗಾಲದಲ್ಲಿ ಕೆಮ್ಮದವರು ಯಾರು ಅಂತ ನಾವೂ ಸುಮ್ಮನಿದ್ದೆವು. ಶುಂಠಿ ಕಷಾಯ ಆಯಿತು, ಪೇಟೆಯಿಂದ ಸಿರಪ್ ತಂದಿದ್ದಾಯಿತು. ದಿನಾ ಬೆಳಗ್ಗೆ ಜಗಲಿಯಲ್ಲಿ ಕೂತವಳ ಬೆರಳಿಗೆ, ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ಹಾಕುತ್ತಿದ್ದೆ. 95, 94, 95. ನಾನು ಕ್ಯಾಲೆಂಡರ್ ಮೇಲೆ ಬರೆದು ನಿಶ್ಚಿಂತೆಯಾಗಿ ಕಾಫಿ ಕುಡಿಯುತ್ತಿದ್ದೆ.

ಎಂಟನೇ ದಿನ ಸ್ನಾನ ಮುಗಿಸಿ ಬಂದವಳು ಬಚ್ಚಲಿನಿಂದ ಜಗಲಿಗೆ ಬರುವ ನಡುವೆ ಅಡುಗೆಮನೆ ಬಾಗಿಲ ದಾರಂದ ಹಿಡಿದು ನಿಂತಳು. ಕೂದಲಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಏನಾಯ್ತಮ್ಮ ಅಂದೆ. ಉತ್ತರ ಕೊಡದೆ ಕೈ ಅಡ್ಡ ಮಾಡಿದಳು. ಮಾತಾಡುವುದಕ್ಕೂ ಉಸಿರು ಬೇಕಲ್ಲ. ಅಲ್ಲೇ ನಿಂತಲ್ಲೇ ಮೀಟರ್ ಹಾಕಿದೆ. 83. ಕೂರಿಸಿ ಎರಡು ನಿಮಿಷ ಆದಮೇಲೆ ನೋಡಿದರೆ ಮತ್ತೆ 94. 'ಮಳೆಗೆ ಮೈ ಭಾರ ಕಣೇ' ಅಂದಳು.

ಎಂಟು ದಿನ ಕೂತಾಗ ನೋಡಿ ಮೋಸ ಹೋಗಿದ್ದೆ. ಐಎಲ್‌ಡಿ ಇದ್ದವರಿಗೆ ಕೂತಾಗ ಸರಿಯಾಗಿದ್ದ ಅಂಕಿ ನಡೆದಾಗ ಬೀಳುತ್ತದೆ. ಆದ್ದರಿಂದ ಎರಡು ಸಲ ನೋಡಿ. ಕೂತು ಐದು ನಿಮಿಷ ಆದಮೇಲೆ ಒಮ್ಮೆ, ಮನೆಯೊಳಗೇ ಅವರ ಮಾಮೂಲಿ ನಡಿಗೆಯಲ್ಲಿ ಒಂದು ನಿಮಿಷ ಓಡಾಡಿಸಿ ತಕ್ಷಣ ಇನ್ನೊಮ್ಮೆ. ಚೆನ್ನಾಗಿರುವ ದಿನಗಳಲ್ಲಿ ಈ ಎರಡೂ ಅಂಕಿ ಎಷ್ಟಿರುತ್ತದೆ ಅಂತ ಬರೆದಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ಕೆಟ್ಟ ದಿನ ಹೋಲಿಸುವುದಕ್ಕೆ ಏನೂ ಇರುವುದಿಲ್ಲ. ಕೂತಾಗಲೇ ಉಸಿರು ಕಷ್ಟವಾಗಿರುವವರನ್ನು ಮಾತ್ರ ನಡೆಸಬೇಡಿ. ಅವರನ್ನು ಪರೀಕ್ಷೆ ಮಾಡುವ ಅಗತ್ಯವಿಲ್ಲ, ಗಾಡಿ ತರಿಸಬೇಕು.

ಎಷ್ಟಕ್ಕೆ ಇಳಿದರೆ ಹೊರಡಬೇಕು?

ಮೊದಲು ಇಲ್ಲದ ಏದುಸಿರು ಎರಡು ಮೂರು ದಿನದಲ್ಲಿ ಜಾಸ್ತಿಯಾಗುತ್ತಿದ್ದರೆ ಅಂಕಿ ಎಷ್ಟೇ ಇರಲಿ, ಡಾಕ್ಟರಿಗೆ ಅದೇ ದಿನ ಫೋನ್. ನಡೆದಾಗಿನ ಅಂಕಿ ಅವರ ಮಾಮೂಲಿಗಿಂತ ನಾಲ್ಕು ಅಥವಾ ಜಾಸ್ತಿ ಕೆಳಗೆ ಬಂದರೂ ಹಾಗೆಯೇ. ಕೂತಾಗಲೇ 90ಕ್ಕಿಂತ ಕಡಿಮೆ, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ, ಮಂಕು ಕವಿದಂಥ ಮಾತು ಇವುಗಳಲ್ಲಿ ಒಂದಾದರೂ ಇದ್ದರೆ 108. ಮನೆಯಲ್ಲಿ ಈಗಾಗಲೇ ಆಕ್ಸಿಜನ್ ಹಾಕಿಕೊಳ್ಳುವವರಿಗೆ ಅವರ ಡಾಕ್ಟರು ಹೇಳಿದ ಅಂಕಿಯೇ ಅಳತೆ.

ಬೆರಳಿನ ಮೀಟರ್ ನಂಬಬಹುದಾ?

ಬೆರಳು ಬೆಚ್ಚಗಿದ್ದರೆ ಬಹುಮಟ್ಟಿಗೆ ನಂಬಬಹುದು. ಮದರಂಗಿ, ಉಗುರು ಬಣ್ಣ ಇದ್ದರೆ ತಪ್ಪು ತೋರಿಸಬಹುದು. ಚಳಿಗೆ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುವ ರೇನಾಡ್ಸ್ ಸ್ಕ್ಲೀರೋಡರ್ಮಾದವರಲ್ಲಿ ತುಂಬಾ ಸಾಮಾನ್ಯ. ಅಂಥ ಬೆರಳಿಗೆ ರಕ್ತವೇ ಸರಿಯಾಗಿ ಹೋಗದಿರುವಾಗ ಮೀಟರ್ ಏನು ತೋರಿಸೀತು? ಕೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ಅರ್ಧ ನಿಮಿಷ ನಿಲ್ಲುವವರೆಗೆ ಕಾದು ಓದಿ. ಆಗಲೂ ಸರಿಯಾಗದಿದ್ದರೆ ಆಸ್ಪತ್ರೆಯಲ್ಲಿ ಕಿವಿಗೆ ಅಥವಾ ಹಣೆಗೆ ಹಾಕುವ ಸೆನ್ಸರ್ ಇದೆಯಾ ಕೇಳಿ.

ಜ್ವರ ಇಲ್ಲ, ಕಫ ಇಲ್ಲ. ಆದರೂ ಅಪಾಯವಾ?

ಹೌದು. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಸೋಂಕಿದ್ದರೂ ಜ್ವರ ಕಾಣದೆ ಇರಬಹುದು.

ಗಂಟಿನ ಕಾಯಿಲೆಗೆ ಕೊಡುವ ಮೆಥೋಟ್ರೆಕ್ಸೇಟ್ ತಿಂದೇ ಶ್ವಾಸಕೋಶ ಹಾಳಾಯಿತು ಅನ್ನುತ್ತಾರೆ. ನಿಲ್ಲಿಸಿಬಿಡಲಾ?

ಅತಿ ಹೆಚ್ಚು ಫೋನ್ ಬರುವುದು ಇದಕ್ಕೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ.

ಒಂದು: ಮೆಥೋಟ್ರೆಕ್ಸೇಟ್ ಕೆಲವರಲ್ಲಿ ಅಲರ್ಜಿಯ ಹಾಗೆ ದಿಢೀರ್ ಶ್ವಾಸಕೋಶದ ಉರಿಯೂತ ತರುತ್ತದೆ. ಅಪರೂಪ, ಆದರೆ ನಿಜ. ಶುರು ಮಾಡಿದ ಮೊದಲ ವರ್ಷದಲ್ಲಿ ಜಾಸ್ತಿ. ಒಣ ಕೆಮ್ಮು, ಜ್ವರ, ಏದುಸಿರು ಬರುತ್ತದೆ. ಆಗ ಡಾಕ್ಟರು ಅದನ್ನು ನಿಲ್ಲಿಸುತ್ತಾರೆ, ಮತ್ತೆ ಕೊಡುವುದಿಲ್ಲ. ಎರಡು: ವರ್ಷಗಟ್ಟಲೆ ನಿಧಾನವಾಗಿ ಬರುವ ಐಎಲ್‌ಡಿಗೆ ಮೆಥೋಟ್ರೆಕ್ಸೇಟ್ ಕಾರಣ ಅಂತ ಮೊದಲು ತುಂಬಾ ಜನ ನಂಬಿದ್ದರು. ಈಚಿನ ಅಧ್ಯಯನಗಳು ಹಾಗೆ ತೋರಿಸಿಲ್ಲ. ಸುಮ್ನೆ ಹೆದರಿ ಮಾತ್ರೆ ಬಿಟ್ಟರೆ ಗಂಟುಗಳು ಉರಿದೇಳುತ್ತವೆ. ಗಂಟಿನ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಶ್ವಾಸಕೋಶವೂ ಕೆಡುವ ಸಾಧ್ಯತೆ ಜಾಸ್ತಿ. ಆದ್ದರಿಂದ ಹೊಸ ಏದುಸಿರು ಬಂದಾಗ ಮುಂದಿನ ವಾರದ ಡೋಸ್ ನುಂಗುವ ಮೊದಲು ಡಾಕ್ಟರನ್ನು ಕೇಳಿ. ಏನೂ ಇಲ್ಲದಾಗ ನೀವಾಗಿಯೇ ಬಿಡಬೇಡಿ.

ಇನ್ನೊಂದು ಮಾತು, ಪ್ರಶ್ನೆಯಲ್ಲಿ ಇಲ್ಲದಿದ್ದರೂ. ಸಂಧಿವಾತಕ್ಕೆ ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿ ರಕ್ತಕಣ ಕುಸಿದು ಆಸ್ಪತ್ರೆ ಸೇರಿದವರು ಎಲ್ಲ ಕಡೆ ಇದ್ದಾರೆ. ನಮ್ಮ ಮನೆಯ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 'ಭಾನುವಾರ' ಅಂತ ಬರೆದು ಅಂಟಿಸಿದೆ.

ಸಂಧಿವಾತಕ್ಕೇ ಕೊಡುವ ಲೆಫ್ಲುನೊಮೈಡ್ ಮಾತ್ರೆ ಮತ್ತು ಬಯಾಲಜಿಕ್ ಅನ್ನುವ ಕೆಲವು ಇಂಜೆಕ್ಷನ್‌ಗಳ ಬಗ್ಗೆಯೂ, ಮೊದಲೇ ಐಎಲ್‌ಡಿ ಇದ್ದವರಿಗೆ ಕೊಡುವಾಗ ಡಾಕ್ಟರು ಎರಡು ಸಲ ಯೋಚಿಸುತ್ತಾರೆ. ಸಂಧಿವಾತಕ್ಕೆ ಸಂಬಂಧವೇ ಇಲ್ಲದ ಎರಡನ್ನೂ ನೆನಪಿಡಿ. ಉರಿಮೂತ್ರಕ್ಕೆ ಕೊಡುವ ನೈಟ್ರೋಫ್ಯುರಾಂಟೊಯಿನ್, ಎದೆಬಡಿತ ಏರುಪೇರಾದರೆ ಕೊಡುವ ಅಮಿಯೊಡರೋನ್. ಎರಡೂ ಶ್ವಾಸಕೋಶಕ್ಕೆ ತೊಂದರೆ ಮಾಡಬಲ್ಲವು. ಬೇರೆ ಡಾಕ್ಟರು ಬರೆದುಕೊಡುವಾಗ 'ನನಗೆ ಐಎಲ್‌ಡಿ ಇದೆ' ಅನ್ನಿ.

ನಮ್ಮದು ಅಡಿಕೆ ಮನೆ. ಒಲೆ, ಹೊಗೆ, ಔಷಧ ಹೊಡೆಯುವುದು ಎಲ್ಲ ಇದ್ದದ್ದೇ. ಏನು ಮಾಡುವುದು?

ಅಡಿಕೆ ಸುಗ್ಗಿಯಲ್ಲಿ ನಮ್ಮ ಮನೆಗಳಲ್ಲಿ ಹೊಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಒಂದು ಕಡೆ ಅಡಿಕೆ ಬೇಯಿಸುವ ಹಂಡೆ, ಇನ್ನೊಂದು ಕಡೆ ಬಚ್ಚಲ ಒಲೆ, ಮಳೆಗಾಲದಲ್ಲಾದರೆ ಹಸಿ ಸೌದೆ. ಐಎಲ್‌ಡಿ ಇದ್ದವರು ಚೊಗರಿನ ಹಂಡೆ ಮುಂದೆ ಕೂರುವುದು ಬೇಡ, ಖಂಡಿತ ಬೇಡ. ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸುವ ಯೋಚನೆಯಿದ್ದರೆ ಒಂದು ಎಚ್ಚರ. ಗಾಳಿ ಆಡದ ಬಚ್ಚಲಲ್ಲಿ ಅದರ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಗೀಸರ್ ಹೊರಗಿರಲಿ, ಪೈಪ್ ಮಾತ್ರ ಒಳಗೆ ಬರಲಿ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣ, 100 ಲೀಟರ್ ನೀರಿಗೆ ಒಂದೊಂದು ಕಿಲೋ. ದ್ರಾಕ್ಷಿ ತೋಟಗಳಿಗೆ ಇದನ್ನೇ ವರ್ಷಗಟ್ಟಲೆ ಹೊಡೆದ ಪೋರ್ಚುಗಲ್‌ನ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಕಲೆಯಾಗಿದ್ದನ್ನು ಅಲ್ಲಿನ ವೈದ್ಯರು 1969ರಲ್ಲೇ ವರದಿ ಮಾಡಿದರು. ಕಾಯಿಲೆಗೆ 'ದ್ರಾಕ್ಷಿ ತೋಟ ಸಿಂಪಡಿಸುವವರ ಶ್ವಾಸಕೋಶ' ಅಂತಲೇ ಹೆಸರಾಯಿತು. ಹೊಡೆಯುವ ದಿನ ಕಾಯಿಲೆಯವರು ತೋಟದ ಕಡೆ ಹೋಗದಿದ್ದರೆ ಸಾಕು, ದೊಡ್ಡ ಸಾಹಸವೇನೂ ಬೇಡ. ಮುಖಕ್ಕೆ ಸುತ್ತುವ ಟವೆಲ್ ಮಾಸ್ಕ್ ಅಲ್ಲ. ಎನ್-95 ಬೇಕು.

ಬೂಸ್ಟು ಹಿಡಿದ ಹುಲ್ಲು, ಕೊಟ್ಟಿಗೆಯ ಒಣ ದರಗು, ಪಾರಿವಾಳದ ಗೂಡು ಇವು ಬೇರೆಯದೇ ಬಗೆಯ ಶ್ವಾಸಕೋಶದ ಉರಿಯೂತ ತರಬಲ್ಲವು. ಸಂಧಿವಾತದವರ ಮೇಲೆ ಅದೂ ಒಂದು ಸೇರುವುದು ಬೇಡ. ಕೊಟ್ಟಿಗೆ ಕೆಲಸ ಮನೆಯಲ್ಲಿ ಇನ್ನೊಬ್ಬರಿಗೆ ಹೋಗಲಿ. ಅಮ್ಮ ಇದನ್ನು ಒಪ್ಪಲು ಮೂರು ತಿಂಗಳು ಹಿಡಿಯಿತು.

ಇಲಿ ಜ್ವರ, ಮಂಗನ ಕಾಯಿಲೆ ಇರಬಹುದಾ?

ಇರಬಹುದು, ಅದಕ್ಕೇ ಡಾಕ್ಟರಿಗೆ ನಿಮ್ಮ ಓಡಾಟ ಹೇಳಬೇಕು. ಇಲಿ ಜ್ವರ ಶ್ವಾಸಕೋಶದೊಳಗೆ ರಕ್ತಸ್ರಾವ ಮಾಡಬಲ್ಲದು. ಪೊದೆಯಲ್ಲಿರುವ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಕೂಡ ಎರಡೂ ಶ್ವಾಸಕೋಶ ಬಿಳುಪಾಗಿ ಕಾಣುವ ಹಾಗೆ ಮಾಡುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಅಗ್ಗದ ಮದ್ದಿದೆ. ತಪ್ಪಿಹೋದರೆ ಬೇಜಾರಿನ ಸಂಗತಿ. ಮಂಗನ ಕಾಯಿಲೆ ನಮ್ಮದೇ ಜಿಲ್ಲೆಯದ್ದು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಚಳಿಗಾಲದಿಂದ ಬೇಸಿಗೆವರೆಗೆ ಅದರ ಕಾಲ. ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ, ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಕೇಳದಿದ್ದರೂ ಹೇಳಿ. ದೊಡ್ಡ ಊರಿನ ಡಾಕ್ಟರಿಗೆ ಇದು ತಾನಾಗಿ ಹೊಳೆಯದೆ ಇರಬಹುದು.

ನಾವು ಸಾಗರದ ಕಡೆಯವರು. ಇದು ಹಂದಿಗೋಡು ಕಾಯಿಲೆಯಾ?

ಅಲ್ಲ. ಹಂದಿಗೋಡು ಕಾಯಿಲೆ ವಂಶದಲ್ಲಿ ಬರುವ ಮೂಳೆ ಕೀಲಿನ ತೊಂದರೆ, 1970ರ ದಶಕದಲ್ಲಿ ಸಾಗರದ ಹತ್ತಿರ ಬೆಳಕಿಗೆ ಬಂತು. ಅದು ಸೊಂಟ, ಮಂಡಿ ಸವೆಸುತ್ತದೆ. ರುಮಟಾಯ್ಡ್ ಅದಕ್ಕಿಂತ ಪೂರ್ತಿ ಬೇರೆ.

ಆಸ್ಪತ್ರೆಗೆ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ಗಂಟಿನ ಫೈಲ್. ನಾವು ಬಿಟ್ಟು ಹೋಗಿದ್ದೆವು. ಎದೆ ತೋರಿಸಲು ಹೊರಟವರಿಗೆ ಗಂಟಿನ ಫೈಲ್ ಯಾಕೆ ಅಂತ ನಾನೇ ಕಪಾಟಿನಲ್ಲಿ ಇಟ್ಟೆ. ಮೊದಲು ಹೋದ ಕಡೆ ಎಕ್ಸ್‌ರೇ ನೋಡಿ ನ್ಯುಮೋನಿಯಾ ಅಂದರು, ಆ್ಯಂಟಿಬಯಾಟಿಕ್ ಶುರು ಮಾಡಿದರು. ಅವರ ತಪ್ಪು ಅಂತ ನಾನು ಹೇಳಲಾರೆ. ಹಳೆಯ ಸಿಟಿ ಸ್ಕ್ಯಾನ್ ಇಲ್ಲದೆ ಹೊಸ ಮಂಜು ಯಾವುದು, ಹಳೆಯ ಕಲೆ ಯಾವುದು ಅಂತ ಯಾರು ಹೇಳಬಲ್ಲರು? ಎರಡು ದಿನ ಹಾಗೇ ಹೋಯಿತು. ಅಣ್ಣ ಬೈಕಿನಲ್ಲಿ ಮಳೆಯಲ್ಲೇ ಹೋಗಿ ಫೈಲ್ ತಂದಮೇಲೆ ಚಿಕಿತ್ಸೆಯ ದಾರಿ ಬದಲಾಯಿತು.

ಈಗ ನಮ್ಮಲ್ಲಿ ಎರಡು ಫೈಲ್ ಇಲ್ಲ, ಒಂದೇ. ಮೇಲ್ಗಡೆ ಒಂದು ಹಾಳೆ. ಕಾಯಿಲೆಗಳ ಹೆಸರು, ಈಗಿನ ಎಲ್ಲ ಮಾತ್ರೆ ಮತ್ತು ಡೋಸ್, ಯಾವುದು ಯಾವಾಗ ಶುರುವಾಯಿತು, ಕಳೆದ ಉಸಿರಾಟ ಪರೀಕ್ಷೆಯ ಎಫ್‌ವಿಸಿ (ಒಂದೇ ಸಲಕ್ಕೆ ಊದಿ ಹೊರಹಾಕುವ ಗಾಳಿಯ ಅಳತೆ) ಮತ್ತು ಡಿಎಲ್‌ಸಿಒ (ಗಾಳಿಚೀಲದಿಂದ ರಕ್ತಕ್ಕೆ ಗಾಳಿ ಎಷ್ಟು ದಾಟುತ್ತದೆ ಅನ್ನುವ ಅಳತೆ), ಚೆನ್ನಾಗಿದ್ದಾಗಿನ ಆಕ್ಸಿಜನ್ ಅಂಕಿ, ಗಂಟಿನ ಮತ್ತು ಶ್ವಾಸಕೋಶದ ಇಬ್ಬರೂ ಡಾಕ್ಟರ ಫೋನ್ ನಂಬರ್. ಸಿಟಿಯ ಸಿಡಿಯೂ ಅದರಲ್ಲೇ. ರಿಪೋರ್ಟ್ ಸಾಲದು, ಚಿತ್ರ ಬೇಕು. ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತೇ 'ಇವರಿಗೆ ರುಮಟಾಯ್ಡ್ ಇದೆ, ಅದರಿಂದ ಐಎಲ್‌ಡಿ ಇದೆ, ಇಷ್ಟು ದಿನದಿಂದ ಏದುಸಿರು ಜಾಸ್ತಿಯಾಗಿದೆ' ಅಂತಿರಲಿ. ಒಂದೇ ಉಸಿರಿನಲ್ಲಿ ಹೇಳಿ.

ಅಲ್ಲಿ ಏನೇನು ಪರೀಕ್ಷೆ ಮಾಡುತ್ತಾರೆ?

ಎದೆಯ ಎಚ್‌ಆರ್‌ಸಿಟಿ, ಅಂದರೆ ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್, ಮುಖ್ಯ. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿದೆಯಾ ಅನ್ನುವ ಅನುಮಾನ ಇದ್ದರೆ ಬಣ್ಣದ ಔಷಧ ಕೊಟ್ಟು ಇನ್ನೊಂದು ಸಿಟಿ. ಹೃದಯದ ಎಕೋ. ಕಫ ಸಿಕ್ಕರೆ ಟಿಬಿಗೆ ಮತ್ತು ಉಳಿದ ಸೋಂಕುಗಳಿಗೆ, ಮೂಗಿನ ಸ್ವಾಬ್ ಫ್ಲೂ ಮತ್ತು ಕೋವಿಡ್‌ಗೆ. ಬೆನ್ನ ಕೆಳಭಾಗಕ್ಕೆ ಸ್ಟೆತೊಸ್ಕೋಪ್ ಇಟ್ಟು ಕೇಳುವುದನ್ನು ನೋಡಿರಬಹುದು. ಐಎಲ್‌ಡಿಯಲ್ಲಿ ಅಲ್ಲಿ ಮಕ್ಕಳ ಶೂ ಪಟ್ಟಿ ಕಿತ್ತ ಹಾಗೆ ಚರ್ರ್ ಅನ್ನುವ ಸದ್ದು ಬರುತ್ತದೆ. ಡಾಕ್ಟರು ಒಮ್ಮೆ ನನಗೂ ಕೇಳಿಸಿದರು.

ಚಿಕಿತ್ಸೆ ಏನು?

ಸೋಂಕಾ, ಉಲ್ಬಣವಾ ಅಂತ ಮೊದಲ ದಿನವೇ ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದ ಸಾಮಾನ್ಯವಾಗಿ ಎರಡಕ್ಕೂ ಒಟ್ಟಿಗೆ ಮದ್ದು ನಡೆಯುತ್ತದೆ. ಆಕ್ಸಿಜನ್, ಆ್ಯಂಟಿಬಯಾಟಿಕ್, ಜೊತೆಗೆ ನರಕ್ಕೆ ಜಾಸ್ತಿ ಡೋಸ್ ಸ್ಟೀರಾಯ್ಡ್. ಮೀಥೈಲ್‌ಪ್ರೆಡ್ನಿಸೊಲೋನ್ 500ರಿಂದ 1000 ಮಿಲಿಗ್ರಾಂ ಮೂರು ದಿನ ಕೊಡುವುದುಂಟು. ಆಮೇಲೆ ಕಾಯಿಲೆ ನೋಡಿ, ರೋಗನಿರೋಧಕ ಶಕ್ತಿಯ ಹೊಡೆತ ತಗ್ಗಿಸುವ ಮೈಕೋಫಿನೊಲೇಟ್, ಸೈಕ್ಲೋಫಾಸ್ಫಮೈಡ್, ರಿಟುಕ್ಸಿಮ್ಯಾಬ್ ಇತ್ಯಾದಿ. ಎಂಡಿಎ-5 ಬಗೆಯಲ್ಲಿ ಒಂದೊಂದಾಗಿ ಕೊಟ್ಟು ಕಾಯದೆ ಶುರುವಿನಲ್ಲೇ ಎರಡು ಮೂರು ಔಷಧ ಸೇರಿಸುತ್ತಾರೆ.

ಎಲ್ಲರಿಗೂ ಒಂದೇ ಮದ್ದು ಅಲ್ಲ ಅನ್ನುವುದಕ್ಕೆ ಎರಡು ಉದಾಹರಣೆ. ಐಪಿಎಫ್‌ನ ಉಲ್ಬಣದಲ್ಲಿ ಸ್ಟೀರಾಯ್ಡ್ ಜೊತೆ ಸೈಕ್ಲೋಫಾಸ್ಫಮೈಡ್ ಸೇರಿಸಿ ನೋಡಿದ ಫ್ರಾನ್ಸಿನ ಅಧ್ಯಯನ 2021ರಲ್ಲಿ ಬಂತು. ಮೂರು ತಿಂಗಳೊಳಗೆ ತೀರಿಕೊಂಡವರು ಅದನ್ನು ಕೊಟ್ಟ ಗುಂಪಿನಲ್ಲಿ ನೂರಕ್ಕೆ 45, ಕೊಡದ ಗುಂಪಿನಲ್ಲಿ 31. ಉಪಯೋಗವಂತೂ ಕಾಣಲಿಲ್ಲ. ಸಂಧಿವಾತದ ಐಎಲ್‌ಡಿ ಬೇರೆ, ಅಲ್ಲಿ ಅದೇ ಔಷಧಕ್ಕೆ ಜಾಗವಿದೆ. ಎರಡನೆಯದು ಸ್ಕ್ಲೀರೋಡರ್ಮಾ. ಅವರಿಗೆ ಸ್ಟೀರಾಯ್ಡ್ ಡೋಸ್ ಜಾಸ್ತಿಯಾದರೆ ಬಿಪಿ ಏಕಾಏಕಿ ಏರಿ ಕಿಡ್ನಿ ಕೈಕೊಡುವ ಭಯವಿದೆ. ಅವರ ಐಎಲ್‌ಡಿಗೆ ಮೊದಲ ಮದ್ದಾಗಿ ಸ್ಟೀರಾಯ್ಡ್ ಬೇಡ ಅಂತ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2023ರ ಮಾರ್ಗಸೂಚಿಯಲ್ಲಿ ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ತಂದುಕೊಳ್ಳುವವರಿಗೆ ಇದನ್ನು ಓದಿ ಹೇಳಿ.

ಕಲೆ ಹೆಚ್ಚುವುದನ್ನು ನಿಧಾನ ಮಾಡುವ ನಿಂಟೆಡನಿಬ್ ಅನ್ನುವ ಮಾತ್ರೆ ಇದೆ. ಬಿದ್ದ ಕಲೆಯನ್ನು ಅಳಿಸುವುದಿಲ್ಲ. ಭೇದಿ ಅದರ ದೊಡ್ಡ ಕಾಟ.

ವೆಂಟಿಲೇಟರ್ ಹಾಕಬೇಕಾ ಅಂತ ಕೇಳಿದರು. ಏನು ಹೇಳಲಿ?

ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಲು ನನಗೆ ಯಾವತ್ತೂ ಆಗಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ. ಉಲ್ಬಣ ತುಂಬಾ ಅಪಾಯದ್ದು. ಐಪಿಎಫ್‌ನಲ್ಲಿ ಉಲ್ಬಣವಾಗಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಅರ್ಧ ಜನ ಅಲ್ಲೇ ತೀರಿಕೊಳ್ಳುತ್ತಾರೆ. ಸಂಧಿವಾತದವರಲ್ಲೂ, ಅದರಲ್ಲೂ ಕಲೆ ಆಗಲೇ ಜಾಸ್ತಿ ಇದ್ದವರಲ್ಲಿ, ಪರಿಸ್ಥಿತಿ ಗಂಭೀರವೇ. ಮೂಗಿನ ಮೂಲಕ ಜೋರಾಗಿ ಬೆಚ್ಚನೆ ಆಕ್ಸಿಜನ್ ಕೊಡುವ ಹೈ ಫ್ಲೋ ಯಂತ್ರ, ಮಾಸ್ಕಿನ ಯಂತ್ರ ಮೊದಲು. ಗಂಟಲಿಗೆ ಕೊಳವೆ ಹಾಕಿದಮೇಲೆ, ಹಳೆಯ ಕಲೆ ಜಾಸ್ತಿ ಇದ್ದವರಲ್ಲಿ, ಹೊರಬರುವವರು ಕಡಿಮೆ. ಸೋಂಕು ಅಥವಾ ಔಷಧದಂಥ ಸರಿಪಡಿಸಬಲ್ಲ ಕಾರಣ ಸಿಕ್ಕಿದ್ದರೆ ಲೆಕ್ಕ ಬೇರೆ.

ಡಾಕ್ಟರನ್ನು ನೇರವಾಗಿ ಕೇಳಿ: 'ಇದರಿಂದ ವಾಪಸ್ ಬರುವ ದಾರಿ ಇದೆ ಅಂತ ನಿಮಗೆ ಅನ್ನಿಸುತ್ತಾ?' ಇನ್ನೂ ಒಳ್ಳೆಯದು, ಕಾಯಿಲೆಯವರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಚೆನ್ನಾಗಿರುವಾಗಲೇ ಅವರನ್ನು ಕೇಳಿಟ್ಟುಕೊಳ್ಳುವುದು. ನಮ್ಮ ಮನೆಗಳಲ್ಲಿ ಅಪಶಕುನ ಅನ್ನುತ್ತಾರೆ. ಅಮ್ಮ ಮಾತ್ರ ಕೇಳಿದ ತಕ್ಷಣ ಹೇಳಿದಳು, ಅಷ್ಟು ದಿನ ಯಾರಾದರೂ ಕೇಳಲಿ ಅಂತ ಕಾದಿದ್ದವಳ ಹಾಗೆ.

ಎಲ್ಲಿಗೆ ಹೋಗಬೇಕು? ಖರ್ಚು?

ಶಿವಮೊಗ್ಗದಲ್ಲಿ ಸರ್ಕಾರಿ ಕಡೆ ಮೆಗ್ಗಾನ್ ಇದೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಖಾಸಗಿಯವೂ ಇವೆ. ಘಾಟಿಯಾಚೆ ಮಣಿಪಾಲ, ದೂರದಲ್ಲಿ ಬೆಂಗಳೂರು. ನನ್ನ ಅಭಿಪ್ರಾಯ ಕೇಳಿದರೆ, ಉಸಿರು ತೀರಾ ಕಷ್ಟವಾದ ದಿನ ಹತ್ತಿರದಲ್ಲಿ ಆಕ್ಸಿಜನ್ ಮತ್ತು ಐಸಿಯು ಇರುವ ಕಡೆ ಮೊದಲು. ದೊಡ್ಡ ಊರು ಆಮೇಲೆ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಘಾಟಿಯ ಕಡೆ ಹೊರಡುವ ಮೊದಲು ರಸ್ತೆ ಇದೆಯಾ ಅಂತ ಕೇಳಿಕೊಳ್ಳಿ, ಮಣ್ಣು ಜರಿದರೆ ಅರ್ಧದಾರಿಯಲ್ಲಿ ಸಿಕ್ಕಿಬೀಳುತ್ತೀರಿ. ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆದಮೇಲೆ ಲಾಂಚ್ ಕಾಯುವ ಗೋಳು ತಪ್ಪಿತು. ಇಂಥ ಕಾಯಿಲೆಯವರ ಮನೆಗಳಿಗೆ ಅದರ ಬೆಲೆ ಗೊತ್ತು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಕಾರ್ಡು ಮತ್ತು ರೇಷನ್ ಕಾರ್ಡಿನ ಪ್ರತಿ ಅದೇ ಫೈಲಿನಲ್ಲಿರಲಿ.

ಮನೆಯಲ್ಲಿ ಆಕ್ಸಿಜನ್ ಯಂತ್ರ ಕೊಟ್ಟಿದ್ದಾರೆ. ಕರೆಂಟ್ ಹೋದರೆ?

ಮಲೆನಾಡಿನಲ್ಲಿ 'ಹೋದರೆ' ಅನ್ನುವ ಪ್ರಶ್ನೆ ಇಲ್ಲ. ಕಾನ್ಸಂಟ್ರೇಟರ್ ಕರೆಂಟ್ ಇಲ್ಲದೆ ಓಡುವುದಿಲ್ಲ, ಸಾಮಾನ್ಯ ಮನೆ ಯುಪಿಎಸ್ ಅದನ್ನು ಬಹಳ ಹೊತ್ತು ಎಳೆಯುವುದಿಲ್ಲ. ಸಿಲಿಂಡರ್ ಒಂದು ಇರಲೇಬೇಕು. ಸುಮಾರು 1500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್ ನಿಮಿಷಕ್ಕೆ ಎರಡು ಲೀಟರ್‌ನಂತೆ ಬಿಟ್ಟರೆ ಹನ್ನೆರಡು ಗಂಟೆ ಬರುತ್ತದೆ. ನಾಲ್ಕು ಲೀಟರ್ ಆದರೆ ಆರು ಗಂಟೆ. ಆ್ಯಂಬುಲೆನ್ಸ್ ಹತ್ತುವಾಗಲೂ ಇದೇ ಲೆಕ್ಕ ಕೇಳಿ. ಆಕ್ಸಿಜನ್ ಹಾಕಿಕೊಂಡು ಒಲೆ, ದೀಪ, ಬೀಡಿಯ ಹತ್ತಿರ ಹೋಗುವಂತಿಲ್ಲ. ಅಮ್ಮನಿಗೆ ದೇವರ ದೀಪ ಹಚ್ಚುವುದನ್ನು ಬಿಡಿಸಿದ್ದು ಈ ಕಾರಣಕ್ಕೆ. ಈಗ ಅಣ್ಣನ ಮಗಳು ಹಚ್ಚುತ್ತಾಳೆ, ಅಮ್ಮ ಹೊಸ್ತಿಲಾಚೆ ಕುರ್ಚಿಯಲ್ಲಿ ಕೂತು ಬತ್ತಿ ಸರಿಯಿಲ್ಲ ಅನ್ನುತ್ತಾಳೆ.

ಮತ್ತೆ ಬರದ ಹಾಗೆ ತಡೆಯಬಹುದಾ?

ಪೂರ್ತಿ ಅಲ್ಲ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೊಕಾಕಲ್ ಲಸಿಕೆ ಹಾಕಿಸಿ. ಸ್ಟೀರಾಯ್ಡ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಜಾಸ್ತಿ, ಒಂದು ತಿಂಗಳು ಮೀರಿ ಇದ್ದರೆ ನ್ಯುಮೋಸಿಸ್ಟಿಸ್ ಅನ್ನುವ ಸೋಂಕು ತಡೆಯಲು ಕೋ-ಟ್ರೈಮಾಕ್ಸಜೋಲ್ ಬೇಕಾ ಅಂತ ಕೇಳಿ. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಅದು ಅಪಾಯ ಮಾಡಬಹುದು, ಅದನ್ನೂ ನೆನಪಿಸಿ. ರಾತ್ರಿ ಊಟ ಮಲಗುವುದಕ್ಕೆ ಮೂರು ಗಂಟೆ ಮೊದಲು, ಮಂಚದ ತಲೆಭಾಗ ಸ್ವಲ್ಪ ಎತ್ತರ. ಯಾವುದೇ ಆಪರೇಷನ್‌ಗೆ ಮೊದಲು, ಮಂಡಿಯದ್ದೇ ಇರಲಿ, ಅರಿವಳಿಕೆ ಡಾಕ್ಟರಿಗೆ ಐಎಲ್‌ಡಿ ಇದೆ ಅಂತ ಹೇಳಿ. ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಬೇಡಿ.

ನಾಟಿ ಔಷಧ, ಕಷಾಯ?

ಮನೆಯ ಕಷಾಯ ಕುಡಿಯಿರಿ, ಯಾರೂ ಬೇಡ ಅನ್ನುವುದಿಲ್ಲ. ಹೆಸರು, ಪದಾರ್ಥ ಬರೆಯದ ಗಂಟು ನೋವಿನ ಪುಡಿ ಮಾತ್ರ ಬೇಡ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದೆ. ಮೂರೇ ದಿನದಲ್ಲಿ ಎದ್ದು ಓಡಾಡುವ ಹಾಗಾದರೆ ಸಂತೋಷಪಡುವ ಬದಲು ಅನುಮಾನಪಡಿ.

ಆಕ್ಸಿಜನ್ ಇಟ್ಟುಕೊಂಡು ಮದುವೆಮನೆಗೆ ಹೋಗಬಹುದಾ?

ಧಾರಾಳವಾಗಿ. ಸಣ್ಣ ಸಿಲಿಂಡರ್ ಕಾರಿನಲ್ಲಿ ಅಲುಗದ ಹಾಗೆ ಕಟ್ಟಿ, ಹೋಮದ ಹೊಗೆಯಿಂದ ದೂರ, ಅಡುಗೆ ಮನೆ ಕಡೆಗಲ್ಲದೆ ಗಾಳಿ ಬರುವ ಬಾಗಿಲ ಹತ್ತಿರ ಕೂರಿಸಿ. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಎಬ್ಬಿಸಿ. ಮೂಗಿಗೆ ಏನದು ಅಂತ ಎಲ್ಲರೂ ಕೇಳುತ್ತಾರೆ. ಅಮ್ಮ 'ಹೊಸ ಮೂಗುತಿ' ಅನ್ನುತ್ತಾಳೆ.